ಆಯಿಯ ಕನ್ನಡಿ ಮೇಜು: ಹಳೆಯ ಡ್ರೆಸ್ಸಿಂಗ್ ಟೇಬಲ್ ಆರಿಸಿ, ಸರಿಪಡಿಸಿ, ಮಲಗುವ ಕೋಣೆಗೆ ತರುವುದು ಹೇಗೆ

ಆಳಂದದ ನಮ್ಮ ಹಳೆಯ ಮನೆಯಲ್ಲಿ ಆಯಿಯ ಕನ್ನಡಿ ಮೇಜು ಇತ್ತು. ಸಾಗವಾನಿ ಕಟ್ಟಿಗೆಯದು. ಎರಡು ಕಂಬಗಳ ನಡುವೆ ತಿರುಗುವ ಕನ್ನಡಿ, ಕೆಳಗೆ ಮೂರು ಖಾನೆ. ಬಲಗಡೆ ಖಾನೆಯ ಅಂಚು ಆಯಿಯ ಹೆಬ್ಬೆರಳು ತಾಗಿ ತಾಗಿ ಬೆಣ್ಣೆಯಂತೆ ನುಣುಪಾಗಿತ್ತು. ಕುಂಕುಮದ ಭರಣಿ ಇಡುತ್ತಿದ್ದ ಕಡೆ ಬಳೆಯಷ್ಟು ದೊಡ್ಡ ಕೆಂಪು ಗುರುತು. ಆಯಿ ತೀರಿಕೊಂಡ ಮೇಲೆ ಅದನ್ನು ಕಲಬುರಗಿಗೆ ತಂದೆ. ಚೆನ್ನಾಗಿ ಪಾಲಿಶ್ ಆಗಲಿ ಅಂತ ಒಂದು ಅಂಗಡಿಗೆ ಕೊಟ್ಟೆ. ನಾಲ್ಕು ದಿನಕ್ಕೆ ವಾಪಸ್ ಬಂತು. ಮಷಿನ್ ಹಚ್ಚಿ ಉಜ್ಜಿ, ಮೇಲೆ ಗಾಜಿನಂಥ ಹೊಳಪು ಹೊಡೆದಿದ್ದರು. ಹೆಬ್ಬೆರಳಿನ ಗುರುತೂ ಇಲ್ಲ, ಕುಂಕುಮದ ಗುರುತೂ ಇಲ್ಲ. ಕನ್ನಡಿ ಚೌಕಟ್ಟಿಗೆ ಅಂಟಿಸಿದ್ದ ಬೀಟೆಯ ತೆಳು ಹಾಳೆ ಒಂದು ಕಡೆ ಪೂರ್ತಿ ಸವೆದು ಒಳಗಿನ ಬಿಳಿ ಕಟ್ಟಿಗೆ ಕಾಣುತ್ತಿತ್ತು. ಅವತ್ತು ಬಹಳ ಅತ್ತೆ.

ಕೆಲವು ವರ್ಷ ಬಿಟ್ಟು ಶಹಾಬಜಾರದ ಒಂದು ಮನೆಯವರು ಮಾರುತ್ತಿದ್ದ ಇನ್ನೊಂದು ಮೇಜು ಸಿಕ್ಕಿತು. ಅದನ್ನು ನಾನೇ, ನಮ್ಮ ಓಣಿಯ ಬಡಿಗೇರ ಕಾಕಾನ ಜೊತೆ ಸೇರಿ ಸರಿಮಾಡಿದೆ. ಫೆಬ್ರವರಿಯಲ್ಲಿ ತಂದದ್ದು ಡಿಸೆಂಬರಿಗೆ ಮುಗಿಯಿತು. ಇದರಲ್ಲಿ ಕೈಯಿಂದ ಮಾಡಿದ ಕೆಲಸ ಹದಿನೈದು ದಿನವೂ ಆಗಲಿಲ್ಲ. ಉಳಿದದ್ದೆಲ್ಲ ಕಾಯುವುದೇ. ನಮ್ಮ ಭಾಗದ ಬಿಸಿಲು ಮತ್ತು ಮಳೆ ಈ ಕೆಲಸವನ್ನು ನಡೆಸುತ್ತವೆ. ಯಾವ ತಿಂಗಳು ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಎಷ್ಟು ಹಳೆಯದು?

ವ್ಯಾಪಾರದಲ್ಲಿ 100 ವರ್ಷ ದಾಟಿದ್ದಕ್ಕೆ ಆಂಟಿಕ್ ಅನ್ನುತ್ತಾರೆ. ಅದಕ್ಕಿಂತ ಕಡಿಮೆ ಹಳೆಯದು, ಆದರೆ ತನ್ನ ಕಾಲದ ಗುಣ ಎದ್ದು ಕಾಣುವಂಥದು ವಿಂಟೇಜ್. ನಮ್ಮ ಕಡೆ ಮಾರುವವರು ಈ ಎರಡೂ ಪದ ಬಳಸುವುದಿಲ್ಲ. "ನಿಜಾಮರ ಕಾಲದ್ದರೀ" ಅನ್ನುತ್ತಾರೆ. ಇದನ್ನು ಸ್ವಲ್ಪ ಯೋಚಿಸಿ ಕೇಳಬೇಕು. ಕಲಬುರಗಿ, ಬೀದರ್ ಎಲ್ಲ 1948ರ ಸೆಪ್ಟೆಂಬರ್‌ವರೆಗೂ ನಿಜಾಮರ ಆಳ್ವಿಕೆಯಲ್ಲೇ ಇದ್ದವು. ಅಂದರೆ 1946ರಲ್ಲಿ ಮಾಡಿದ ಮೇಜೂ ನಿಜಾಮರ ಕಾಲದ್ದೇ. ಮಾತು ಸುಳ್ಳಲ್ಲ, ಆದರೆ ಅದಕ್ಕೆ ಇನ್ನೂ ನೂರು ತುಂಬಿಲ್ಲ. ಬೆಲೆ ಮಾತಾಡುವಾಗ ಇದು ನೆನಪಿರಲಿ.

ನಿಜವಾಗಿಯೂ ನೂರು ದಾಟಿದ ಕುಶಲ ಕೆಲಸದ ವಸ್ತು ಸಿಕ್ಕರೆ ಇನ್ನೊಂದು ವಿಷಯ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಮಗ ದುಬೈಯಲ್ಲೋ ಅಮೆರಿಕದಲ್ಲೋ ಇದ್ದಾನೆ, ಅವನಿಗೆ ಕಳಿಸೋಣ ಅಂತ ಕೊಳ್ಳುವವರು ಮೊದಲೇ ವಿಚಾರಿಸಿ.

ಆಕಾರ ನೋಡಿಯೂ ಕಾಲ ಅಂದಾಜಿಸಬಹುದು. ಕಡೆದ ಗುಂಡು ಕಾಲು, ಕೆತ್ತನೆಯ ಕಂಬ, ನಡುವೆ ತಿರುಗುವ ಕನ್ನಡಿ ಇದ್ದರೆ ಅದು ಬ್ರಿಟಿಷರ ವಿಕ್ಟೋರಿಯಾ ಕಾಲದ ಮಾದರಿ. ರಾಣಿ 1901ರಲ್ಲಿ ತೀರಿಕೊಂಡರೂ ನಮ್ಮ ಬಡಿಗೇರರು ಆ ಮಾದರಿಯನ್ನು ಎಷ್ಟೋ ವರ್ಷ ಬಿಡಲಿಲ್ಲ. ದೊಡ್ಡ ಗುಂಡು ಕನ್ನಡಿ, ಎರಡೂ ಬದಿಗೆ ಮೆಟ್ಟಿಲಿನಂತೆ ಇಳಿಯುವ ಪೆಟ್ಟಿಗೆ, ದುಂಡು ಮೂಲೆ ಇದ್ದರೆ ಆರ್ಟ್ ಡೆಕೊ. 1925ರ ಪ್ಯಾರಿಸ್ ಪ್ರದರ್ಶನದ ನಂತರ ಹಬ್ಬಿದ ಶೈಲಿ ಅದು. ಮುಂಬೈಯ ಮರೀನ್ ಡ್ರೈವ್ ಕಟ್ಟಡಗಳನ್ನು ನೋಡಿದವರಿಗೆ ಆ ದುಂಡು ಮೂಲೆ ಕೂಡಲೇ ಗುರುತು ಸಿಗುತ್ತದೆ. ಮುಂಬೈ ರೈಲು 1871ರಲ್ಲೇ ರಾಯಚೂರು ಮುಟ್ಟಿ ಮದ್ರಾಸಿನ ಹಳಿಗೆ ಸೇರಿತ್ತು. 1874ರಲ್ಲಿ ನಮ್ಮ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೂ ಹಳಿ ಬಿತ್ತು. ಹಾಗಾಗಿ ಮುಂಬೈ ಮತ್ತು ಹೈದರಾಬಾದ್ ಎರಡೂ ಕಡೆಯ ಶೈಲಿ ನಮ್ಮ ಮನೆಗಳಲ್ಲಿ ಕಂಡರೆ ನನಗೇನೂ ಆಶ್ಚರ್ಯ ಆಗುವುದಿಲ್ಲ. ಓರೆಯಾಗಿ ಹೊರಚಾಚಿದ ತೆಳು ಕಾಲು ಇದ್ದರೆ 1950–60ರ ದಶಕ ಅಂದುಕೊಳ್ಳಿ.

ಅಳತೆ ಮೊದಲು

ಹುಡುಕಲು ಹೊರಡುವ ಮುಂಚೆ ಟೇಪ್ ಹಿಡಿಯಿರಿ. ಇಡುವ ಗೋಡೆಯ ಉದ್ದ, ಮನೆ ಬಾಗಿಲಿನ ಅಗಲ, ಮೆಟ್ಟಿಲಿನ ತಿರುವು, ಮೂರೂ ಬರೆದುಕೊಳ್ಳಿ. ಮೇಜಿನ ಎತ್ತರ ಸುಮಾರು 72ರಿಂದ 76 ಸೆಂ.ಮೀ, ಕೂರುವ ಸ್ಟೂಲ್ ಸುಮಾರು 45 ಸೆಂ.ಮೀ ಇದ್ದರೆ ಕೂತು ತಲೆ ಬಾಚಲು ಅನುಕೂಲ. ಮೊಣಕಾಲಿಗೆ 60 ಸೆಂ.ಮೀ ಅಗಲದ ಜಾಗ ಬೇಕು. ಸ್ಟೂಲ್ ಹಿಂದೆ ಸರಿಸಿ ಏಳಲು ಮೇಜಿನ ಮುಂದೆ 80–90 ಸೆಂ.ಮೀ ಖಾಲಿ ಬಿಡಿ. ಕೆಲವು ಹಳೆಯ ಮೇಜು ತೀರಾ ತಗ್ಗು, ನೆಲದ ಮೇಲೆ ಇಲ್ಲವೇ ಮಣೆಯ ಮೇಲೆ ಕೂತು ಬಳಸುವಂಥವು. ಅವುಗಳ ಕಾಲಿಗೆ ತುಂಡು ಜೋಡಿಸಿ ಎತ್ತರ ಮಾಡಿಸಬೇಡಿ, ತಗ್ಗು ಸ್ಟೂಲ್ ಮಾಡಿಸಿ.

ಎಲ್ಲಿ ಹುಡುಕಬೇಕು

ಅಂಗಡಿಗಿಂತ ಮನೆಗಳೇ ಮೇಲು. ಬ್ರಹ್ಮಪುರ, ಶಹಾಬಜಾರದ ಹಳೆಯ ಓಣಿಗಳಲ್ಲಿ, ಆಳಂದ, ಚಿಂಚೋಳಿ, ಹುಮನಾಬಾದ್ ಕಡೆಯ ವಾಡೆಗಳಲ್ಲಿ ಅಟ್ಟದ ಮೇಲೆ ಮೇಜುಗಳು ಧೂಳು ತಿನ್ನುತ್ತಿರುತ್ತವೆ. ಮನೆ ಕೆಡವಿ ಕಟ್ಟುವಾಗ ಹೊರಗೆ ಬರುತ್ತವೆ. ಮನೆ ಕೆಡವುವ ಗುತ್ತಿಗೆದಾರರಿಗೂ, ಹಳೇ ಬಾಗಿಲು ಚೌಕಟ್ಟು ಮಾರುವವರಿಗೂ ಒಂದು ಮಾತು ಹೇಳಿಟ್ಟಿರಿ. ಎಲ್ಲಕ್ಕಿಂತ ಮೊದಲು ನಿಮ್ಮದೇ ಬಂಧುಗಳ ಮನೆ ನೋಡಿ. ಅತ್ತೆಯೋ ಕಾಕಿಯೋ "ಅಯ್ಯ, ಅದನ್ನ ಒಯ್ಯವಾ, ಜಾಗಾ ಹಿಡದದ" ಅಂದುಬಿಡಬಹುದು. ಹೈದರಾಬಾದಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಆಯ್ಕೆ ಜಾಸ್ತಿ. ಆದರೆ ಅಲ್ಲಿ ಸಿಗುವ ಬಹಳಷ್ಟು ಮೇಜು ಆಗಲೇ ಪಾಲಿಶ್ ಆಗಿರುತ್ತವೆ. ಪಾಲಿಶ್ ಆದದ್ದರಲ್ಲಿ ದೋಷ ಕಂಡುಹಿಡಿಯುವುದು ಕಷ್ಟ. ನನ್ನ ಮಟ್ಟಿಗೆ ಧೂಳು ಹಿಡಿದ ಮೇಜೇ ನಂಬಿಕೆಯದು.

ಮೇಜನ್ನು ಪರೀಕ್ಷಿಸುವುದು

ಟಾರ್ಚ್, ಟೇಪ್, ಬಿಳಿ ಕಾಗದ, ಒಂದು ಪೆನ್ಸಿಲ್ ಒಯ್ಯಿರಿ. ಹಗಲಲ್ಲೇ ಹೋಗಿ. ಮುಂಭಾಗ ಕೊನೆಗೆ ನೋಡಿ. ಮೊದಲು ಖಾನೆಯನ್ನು ಪೂರ್ತಿ ಹೊರಗೆಳೆದು ತಿರುವಿ ಹಾಕಿ. ಮೇಜಿನ ನಿಜವಾದ ವಯಸ್ಸು ಅಲ್ಲಿದೆ.

ಖಾನೆಯ ಮುಂದಿನ ಹಲಗೆ ಮತ್ತು ಪಕ್ಕದ ಹಲಗೆ ಸೇರುವ ಮೂಲೆ ನೋಡಿ. ಎರಡು ಕೈಯ ಬೆರಳು ಹೆಣೆದಂತೆ ಹಲ್ಲುಗಳು ಕಾಣುತ್ತವೆ. ಕೈಯಿಂದ ಕೊಯ್ದಿದ್ದರೆ ಒಂದು ಹಲ್ಲು ಅಗಲ, ಒಂದು ಸಣ್ಣ ಇರುತ್ತದೆ. ಪಕ್ಕದಲ್ಲಿ ಸೂಜಿಯಿಂದ ಗೀರಿದ ಗುರುತಿನ ಗೆರೆಯೂ ಉಳಿದಿರಬಹುದು. ಎಲ್ಲ ಹಲ್ಲೂ ಅಚ್ಚು ಹೊಡೆದಂತೆ ಒಂದೇ ಅಳತೆಯಲ್ಲಿದ್ದರೆ ಯಂತ್ರದ ಕೆಲಸ. ಹಲ್ಲೇ ಇಲ್ಲದೆ ಬರೀ ಮೊಳೆ ಹೊಡೆದಿದ್ದರೆ ಅಗ್ಗದ ಕೆಲಸ, ಇಲ್ಲವೇ ಆಮೇಲೆ ಮಾಡಿದ ರಿಪೇರಿ.

ಖಾನೆಯ ತಳ ಪ್ಲೈವುಡ್ ಆಗಿದ್ದರೆ ಮೇಜು ಇಪ್ಪತ್ತನೆಯ ಶತಮಾನದ್ದು, ಇಲ್ಲವೇ ತಳ ಬದಲಾಗಿದೆ. ಸ್ಕ್ರೂ ತಲೆಯಲ್ಲಿ ಪ್ಲಸ್ ಗುರುತು ಇದ್ದರೆ ಅದು 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಒಂದೆರಡು ಕಂಡರೆ ರಿಪೇರಿ ಅಂದುಕೊಳ್ಳಬಹುದು. ಎಲ್ಲ ಕಡೆ ಅದೇ ಇದ್ದು "ನೂರೈವತ್ತು ವರ್ಷದ್ದು" ಅಂದರೆ ನಂಬಬೇಡಿ. ಹಿಂಬದಿ ಹಲಗೆಯ ಮೇಲೆ ಗರಗಸದ ಗುರುತು ಅಡ್ಡಡ್ಡ ನೇರವಾಗಿದ್ದರೆ ಕೈಗರಗಸ, ಕಮಾನಿನಂತೆ ಬಾಗಿದ್ದರೆ ಯಂತ್ರದ ಚಕ್ರ.

ಕಟ್ಟಿಗೆ ಯಾವುದು ಅಂತ ಬಣ್ಣ ಬಳಿಯದ ಜಾಗದಲ್ಲಿ ನೋಡಬೇಕು, ಅಂದರೆ ಖಾನೆಯ ಒಳಗೆ. ಸಾಗವಾನಿ ಹೊಂಬಣ್ಣದ ಕಂದು, ನಡುವೆ ಕಪ್ಪು ಗೆರೆ. ಬೆರಳಿಗೆ ಎಣ್ಣೆ ಸವರಿದ ಹಾಗೆ ತಾಗುತ್ತದೆ. ಚರ್ಮದಂಥ ಒಂದು ವಾಸನೆ ಇರುತ್ತದೆ, ಒಮ್ಮೆ ಮೂಗಿಗೆ ಗೊತ್ತಾದರೆ ಮರೆಯುವುದಿಲ್ಲ. ಬೀಟೆ ಭಾರ ಜಾಸ್ತಿ, ಬಣ್ಣ ನೇರಳೆ ಮಿಶ್ರಿತ ಕಂದು. ಬೇವಿನ ಕಟ್ಟಿಗೆಯಲ್ಲಿ ಮಾಡಿದ ಹಳ್ಳಿ ಮೇಜೂ ಸಿಗಬಹುದು. ಅದನ್ನು ಕೀಳಾಗಿ ನೋಡಬೇಡಿ, ಬೇವಿಗೆ ಹುಳು ಸುಲಭಕ್ಕೆ ಹತ್ತುವುದಿಲ್ಲ.

ಕೆಲವು ಮೇಜಿನ ಮೈ ಸಾದಾ ಕಟ್ಟಿಗೆ, ಮೇಲೆ ಒಳ್ಳೆಯ ಕಟ್ಟಿಗೆಯ ತೆಳು ಹಾಳೆ. ಅಂಚಿನಲ್ಲಿ ಗೆರೆಗಳು ಮೇಲಿನಿಂದ ಬದಿಗೆ ಹರಿಯದೆ ಒಮ್ಮೆಗೇ ನಿಂತರೆ ಹಾಳೆ ಇದೆ ಅಂತ ಅರ್ಥ. ಉಗುರಿನಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಅಂಟು ಬಿಟ್ಟಿದೆ. ಇಂಥ ಮೇಜಿಗೆ ಉಜ್ಜುವ ಮಷಿನ್ ಎಂದೂ ತೋರಿಸಬಾರದು. ಆಯಿಯ ಮೇಜಿಗೆ ಆದದ್ದು ಇದೇ.

ಕೊನೆಗೆ ಮೇಜಿನ ಎರಡು ಎದುರು ಮೂಲೆ ಹಿಡಿದು ಮೆಲ್ಲಗೆ ಅಲುಗಿಸಿ. ಸ್ವಲ್ಪ ಅಲುಗಿದರೆ ಹೆದರಬೇಡಿ, ಅಂಟು ಒಣಗಿದೆ ಅಷ್ಟೇ, ಅದನ್ನು ಸರಿಮಾಡಬಹುದು. ಕಾಲು ಮುರಿದು ಕಬ್ಬಿಣದ ಪಟ್ಟಿ ಹೊಡೆದಿದ್ದರೆ, ಕಾಲಿನ ತುದಿ ಗೆದ್ದಲು ತಿಂದು ಟೊಳ್ಳಾಗಿದ್ದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟು ಬನ್ನಿ. ಮೇಲ್ಹಲಗೆಯ ಸಣ್ಣ ಬಿರುಕು ದೋಷವಲ್ಲ. ಕಟ್ಟಿಗೆ ವರ್ಷ ವರ್ಷ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ನಾಮಕಾವಸ್ತೆ. ಹಳೆಯ ಗುಂಡು ಹಲಗೆಯನ್ನು ಎರಡು ದಿಕ್ಕಿಗೆ ಅಳೆದರೆ ಒಂದು ಕಡೆ ಸ್ವಲ್ಪ ಕಡಿಮೆ ಬರುವುದು ಇದಕ್ಕೇ. ಪೂರ್ತಿ ಗುಂಡಾಗಿದ್ದರೆ ನನಗೆ ಅನುಮಾನ ಬರುತ್ತದೆ.

ಕನ್ನಡಿ

ಹೆಚ್ಚಿನವರು ಮೇಜು ಕೊಂಡ ಮಾರನೇ ದಿನವೇ ಹಳೇ ಕನ್ನಡಿ ತೆಗೆಸಿ ಹೊಸದು ಹಾಕಿಸುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಗಾಜಿನ ಹಿಂದೆ ತವರ ಮತ್ತು ಪಾದರಸದ ಪದರ ಹಚ್ಚುತ್ತಿದ್ದರು. 1835ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಗಾಜಿನ ಮೇಲೆ ಬೆಳ್ಳಿ ಕೂರಿಸುವ ವಿಧಾನ ತೋರಿಸಿದ. ಅದು ವ್ಯಾಪಾರಕ್ಕೆ ಬಂದ ಮೇಲೆ ಪಾದರಸದ ಕನ್ನಡಿ ಮೆಲ್ಲಗೆ ನಿಂತುಹೋಯಿತು. ನಮ್ಮ ಕಡೆ ಸಿಗುವ ಬಹುಪಾಲು ಕನ್ನಡಿ ಬೆಳ್ಳಿಯವೇ. ಬೆಳ್ಳಿಯದು ಹಾಳಾದರೆ ಅಂಚಿನಿಂದ ಕಂದು, ಕಪ್ಪು ಬಣ್ಣ ಒಳಗೆ ಹರಿಯುತ್ತದೆ. ಪಾದರಸದ್ದಾದರೆ ಬೂದು ಬಣ್ಣದ ಹರಳು ಹರಳಾದ ಮಿನುಗು ಕಾಣುತ್ತದೆ. ಅದರ ಹಿಂಬದಿ ಕೆರೆಯಬೇಡಿ, ಬಿಸಿ ತಾಗಿಸಬೇಡಿ, ಬಿಸಿಲಿಗೆ ಇಡಬೇಡಿ. ಚೌಕಟ್ಟಿನ ಕೆಳಗೆ ಬೆಳ್ಳಿ ಹನಿಯಂಥದು ಕಂಡರೆ ಬರಿಗೈಯಿಂದ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ.

ಪೆನ್ಸಿಲ್ ತುದಿಯನ್ನು ಗಾಜಿಗೆ ತಾಗಿಸಿ. ನಿಜವಾದ ತುದಿಗೂ ಒಳಗೆ ಕಾಣುವ ತುದಿಗೂ ನಡುವಿನ ಅಂತರ ಗಾಜು ಎಷ್ಟು ದಪ್ಪ ಅಂತ ಹೇಳುತ್ತದೆ. ಬೇರೆ ಬೇರೆ ಕಡೆ ಅಂತರ ಬೇರೆ ಬಂದರೆ, ನಿಮ್ಮ ಮುಖ ಒಂದು ಕಡೆ ಸ್ವಲ್ಪ ಅಲೆಯಾಡಿದಂತೆ ಕಂಡರೆ, ಅದು ಹಳೆಯ ಗಾಜು. ಅಂಚಿನ ಓರೆ ಕಡಿತವನ್ನು ಬೆರಳಿನಿಂದ ಸವರಿ. ಕೈಯಿಂದ ತೇಯ್ದದ್ದು ಎಷ್ಟು ಮೆಲ್ಲಗೆ ಇಳಿಯುತ್ತದೆ ಅಂದರೆ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಯಂತ್ರದ್ದು ಚೂಪಾಗಿ ಕೈಗೆ ತಾಗುತ್ತದೆ.

ಮುಖದ ನೇರಕ್ಕೆ ಕಪ್ಪು ಕಲೆ ಇದ್ದು ದಿನವೂ ಬಳಸಲು ಆಗದಿದ್ದರೆ ಮಾತ್ರ ಬದಲಿಸಿ. ಆಗಲೂ ಹಳೇ ಗಾಜಿಗೆ ಮತ್ತೆ ಬೆಳ್ಳಿ ಹಚ್ಚಿಸಬೇಡಿ. ಹುಷಾರಾಗಿ ತೆಗೆದು, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ನೆಟ್ಟಗೆ ನಿಲ್ಲಿಸಿ ಇಡಿ. ಮೇಜಿನ ಜೊತೆಗೇ ಅದು ಮುಂದಿನವರಿಗೆ ಹೋಗಲಿ. ಹೊಸ ಕನ್ನಡಿಯ ದಪ್ಪ ಹಳೆಯದಕ್ಕಿಂತ ಕಡಿಮೆ ಇದ್ದರೆ ಹಿಂದೆ ಸಣ್ಣ ಕಟ್ಟಿಗೆ ತುಂಡು ಇಟ್ಟು ಬಿಗಿಮಾಡಿಸಿ. ವಿನೆಗರ್ ವಾಸನೆಯ ಸಿಲಿಕಾನ್ ಅಂಟು ಹಾಕಿಸಬೇಡಿ, ಅದು ಹಿಂದಿನ ಬೆಳ್ಳಿಯನ್ನು ತಿನ್ನುತ್ತದೆ.

ಒರೆಸುವಾಗ ನೀರನ್ನಾಗಲಿ ಕೊಲಿನ್ ಆಗಲಿ ಕನ್ನಡಿಗೆ ನೇರ ಚಿಮುಕಿಸಬೇಡಿ. ಅದು ಇಳಿದು ಅಂಚಿನೊಳಗೆ ಸೇರುತ್ತದೆ, ಕಪ್ಪಾಗುವುದು ಅಲ್ಲಿಂದಲೇ. ಬಟ್ಟೆಗೆ ಹಾಕಿ, ಆಮೇಲೆ ಒರೆಸಿ.

ತರುವುದು, ಸುಮ್ನೆ ಬಿಡುವುದು

ಕನ್ನಡಿ ಬೇರೆ ಮಾಡಿ, ನೆಟ್ಟಗೆ ನಿಲ್ಲಿಸಿಯೇ ತನ್ನಿ. ಮಲಗಿಸಿದರೆ ಹಳ್ಳಿ ರಸ್ತೆಯ ಕುಲುಕಾಟಕ್ಕೆ ಒಡೆಯುತ್ತದೆ. ಖಾನೆ ತೆಗೆದು ಅವುಗಳ ಹಿಂದೆ ಎಡ, ನಡು, ಬಲ ಅಂತ ಸೀಮೆಸುಣ್ಣದಲ್ಲಿ ಬರೆಯಿರಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎತ್ತುವಾಗ ಮೇಲ್ಹಲಗೆ ಹಿಡಿಯದೆ ಕೆಳಗಿನ ಚೌಕಟ್ಟು ಹಿಡಿಯಲು ಹೇಳಿ.

ನಾನು ತಂದ ದಿನವೇ ಉಜ್ಜಲು ಕೂತಿದ್ದೆ. ಬಡಿಗೇರ ಕಾಕಾ ಬಂದು ನೋಡಿ, "ಕಟಗಿ ಇನ್ನಾ ಈ ಮನಿಗಿ ಹೊಂದಿಲ್ಲ. ಒಂದ್ ಮಳಿಗಾಲ ನೋಡು, ಆಮ್ಯಾಲ ಕೈ ಹಚ್ಚು" ಅಂದ. ಆಗ ಅರ್ಥ ಆಗಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವುದು ಮಾಮೂಲು. ಗಾಳಿ ಪೂರ್ತಿ ಒಣ. ಜುಲೈ ಆಗಸ್ಟ್‌ನಲ್ಲಿ ಅದೇ ಗಾಳಿ ತೇವ. ಗಾಳಿಯ ತೇವ ಶೇ 30 ಇದ್ದಾಗ ಕಟ್ಟಿಗೆಯೊಳಗೆ ಸುಮಾರು ಶೇ 6 ನೀರಿರುತ್ತದೆ, ಶೇ 80 ಆದಾಗ ಅದು ಸುಮಾರು ಶೇ 16ಕ್ಕೆ ಏರುತ್ತದೆ. 40 ಸೆಂ.ಮೀ ಅಗಲದ ಸಾಗವಾನಿ ಹಲಗೆ ಇದರಿಂದ ಕೆಲವು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಮೇ ತಿಂಗಳಲ್ಲಿ ಬಿರುಕು ಕಂಡು ಅದಕ್ಕೆ ಪುಟ್ಟಿ ತುಂಬಿದರೆ, ಆಗಸ್ಟ್‌ನಲ್ಲಿ ಹಲಗೆ ಹಿಗ್ಗಿ ಆ ಪುಟ್ಟಿಯನ್ನು ಹೊರಗೆ ತಳ್ಳುತ್ತದೆ, ಇಲ್ಲವೇ ಪಕ್ಕದಲ್ಲಿ ಹೊಸದಾಗಿ ಬಿರಿಯುತ್ತದೆ.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಬೇಸಿಗೆಯಲ್ಲಿ ಬರೀ ಧೂಳು ಒರೆಸಿ. ಮಳೆಗಾಲದಲ್ಲಿ ಹುಳು ಇದೆಯೋ ಇಲ್ಲವೋ ನೋಡಿ. ದಸರಾ ಮುಗಿದ ಮೇಲೆ ಅಂಟಿನ ಕೆಲಸ. ದೀಪಾವಳಿಯಿಂದ ಜನವರಿ ತನಕ ಪಾಲಿಶ್.

ಹುಳು

ಸೂಜಿ ಗಾತ್ರದ ತೂತು ಕಂಡ ಕೂಡಲೇ ಗಾಬರಿ ಬೇಡ. ಅವು ಐವತ್ತು ವರ್ಷದ ಹಿಂದಿನವೂ ಇರಬಹುದು. ಮೇಜಿನ ಕೆಳಗೆ ಬಿಳಿ ಕಾಗದ ಹಾಸಿ ಎರಡು ವಾರ ಬಿಡಿ. ಹಿಟ್ಟಿನಂಥ ಪುಡಿ ಹೊಸದಾಗಿ ಬಿದ್ದರೆ ಕುಟ್ಟೆ ಹುಳು ಜೀವಂತ ಇದೆ. ಅಂಗಡಿಯಲ್ಲಿ ಸಿಗುವ ಕಟ್ಟಿಗೆ ಹುಳದ ಔಷಧಿಯನ್ನು ಸಿರಿಂಜಿನಿಂದ ಒಂದೊಂದು ತೂತಿಗೂ ಬಿಡಿ. ಕೈಗವಸು, ಮಾಸ್ಕ್ ಇರಲಿ, ಕಿಟಕಿ ತೆರೆದಿರಲಿ, ಆ ಕೆಲವು ದಿನ ಆ ಕೋಣೆಯಲ್ಲಿ ಮಲಗಬೇಡಿ. ಆಮೇಲೆ ತೂತುಗಳಿಗೆ ಮೇಣ ತುಂಬಿ ಮತ್ತೆ ಕಾಗದ ಹಾಸಿ. ಹುಳು ಸಾಯಲಿ ಅಂತ ಮೇಜನ್ನು ಮಾಳಿಗೆ ಮೇಲೆ ಮೇ ತಿಂಗಳ ಬಿಸಿಲಿಗೆ ಇಡುವವರಿದ್ದಾರೆ. ಹುಳು ಸಾಯುತ್ತದೋ ಇಲ್ಲವೋ, ಅಂಟು ಬಿಟ್ಟು ಮೇಜು ಬಿಚ್ಚಿಕೊಳ್ಳುವುದು ಖಂಡಿತ.

ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಕಾರಣ ಮೇಜಲ್ಲ, ನಿಮ್ಮ ನೆಲ ಅಥವಾ ಗೋಡೆ. ಅಲ್ಲಿಗೆ ಔಷಧಿ ಹೊಡೆಸಿ.

ತೊಳೆಯುವುದಲ್ಲ, ಒರೆಸುವುದು

ಹಳೇ ಮೇಜಿನ ಮೇಲಿನ ಕಪ್ಪು ಪದರ ಅರ್ಧ ಕೊಬ್ಬರಿ ಎಣ್ಣೆ, ಅರ್ಧ ಧೂಳು, ನಡುವೆ ಕುಂಕುಮ, ಕಾಡಿಗೆ. ಮೊದಲು ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ನಂತರ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಸೌಮ್ಯ ಸೋಪು ಹಾಕಿ, ಬಟ್ಟೆ ಗಟ್ಟಿಯಾಗಿ ಹಿಂಡಿ, ಒಂದು ಮೊಳದಷ್ಟು ಜಾಗ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಹಾಗೇ ಮುಂದಕ್ಕೆ ಹೋಗಿ. ಎಣ್ಣೆ ಜಿಡ್ಡಿಗೆ ಟರ್ಪೆಂಟೈನ್ ಒಳ್ಳೆಯದು. ಅದು ಹಳೇ ಅರಗಿನ ಪಾಲಿಶ್ ಕರಗಿಸುವುದಿಲ್ಲ, ಜಿಡ್ಡನ್ನು ಮಾತ್ರ ತೆಗೆಯುತ್ತದೆ. ಎಷ್ಟು ಹೋಗುತ್ತದೋ ಅಷ್ಟೇ ಹೋಗಲಿ. ಮೊಳೆಯ ಸುತ್ತ ಕಪ್ಪಾದ ಕಟ್ಟಿಗೆ, ಕುಂಕುಮದ ಉಂಗುರ, ಇವನ್ನು ನಾನು ಬಿಟ್ಟುಬಿಡುತ್ತೇನೆ.

ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನ ಮೇಲೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ನೀವು ನೋಡಿರಬಹುದು. ನೋಡದಿದ್ದರೆ ಒಮ್ಮೆ ಹೋಗಿ, ಅಲ್ಲಿಯ ಕಟ್ಟಿಗೆ ಕಂಬಗಳ ಕೆತ್ತನೆಯ ಮುಂದೆ ಒಂದು ತಾಸು ನಿಲ್ಲಬಹುದು. ನಿಮ್ಮ ಮೇಜಿನಲ್ಲಿ ಅಂಥ ಚಿಪ್ಪಿನ ಕೆಲಸ ಇದ್ದರೆ ಲಿಂಬು, ವಿನೆಗರ್, ಹುಣಸೆ ಹತ್ತಿರವೂ ತರಬೇಡಿ. ಚಿಪ್ಪು ಅಂದರೆ ಸುಣ್ಣದ ವಸ್ತು, ಹುಳಿ ತಾಗಿದರೆ ಕರಗುತ್ತದೆ.

ಎಣ್ಣೆ ಬಣ್ಣ ಬಳಿದ ಹಳೇ ಮೇಜಾದರೆ ಒಣಗಿದ್ದಾಗ ಉಜ್ಜಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳಿಗೆ ವಿಷ.

ಅಂಟು ಮತ್ತು ಖಾನೆ

ಹಳೆಯ ಜೋಡಣೆಗಳಿಗೆ ಸರೇಸ್ ಹಾಕುತ್ತಿದ್ದರು, ಪ್ರಾಣಿಗಳ ಚರ್ಮ ಎಲುಬು ಕುದಿಸಿ ಮಾಡುವ ಅಂಟು. ಬಿಸಿ ನೀರು ತಾಗಿಸಿದರೆ ಅದು ಮೆತ್ತಗಾಗುತ್ತದೆ. ಅಲುಗುವ ಜೋಡಣೆಯನ್ನು ಬಿಚ್ಚಿ, ಬಿಸಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಹಳೇ ಅಂಟು ಪೂರ್ತಿ ತೆಗೆದು, ಒಂದೆರಡು ದಿನ ಒಣಗಿಸಿ, ಆಮೇಲೆ ಹೊಸ ಅಂಟು ಹಾಕಿ. ಹಳೇ ಸರೇಸಿನ ಮೇಲೆ ಫೆವಿಕಾಲ್ ಸುರಿದರೆ ಎರಡೂ ಹಿಡಿಯುವುದಿಲ್ಲ. ಸರೇಸನ್ನೇ ಬಳಸುವ ಬಡಿಗೇರರು ಸಿಕ್ಕರೆ ಅವರಿಗೇ ಕೊಡಿ. ಮುಂದೆ ಯಾರಾದರೂ ರಿಪೇರಿ ಮಾಡುವಾಗ ಅದು ಸುಲಭಕ್ಕೆ ಬಿಚ್ಚುತ್ತದೆ. ಜೋಡಿಸಿ ಹಗ್ಗದಿಂದ ಬಿಗಿದು ಒಂದು ದಿನ ಮುಟ್ಟಬೇಡಿ. ಮೊಳೆ ಮಾತ್ರ ಹೊಡೆಸಬೇಡಿ, ಕಟ್ಟಿಗೆ ಸೀಳುತ್ತದೆ.

ಖಾನೆ ಬಿಗಿಯಿದ್ದರೆ ಓಡುವ ಅಂಚಿಗೆ ಮೇಣದ ಬತ್ತಿ ಉಜ್ಜಿ. ನೂರಕ್ಕೆ ಎಂಬತ್ತು ಖಾನೆಗೆ ಇಷ್ಟೇ ಸಾಕು ಅಂತ ಬಡಿಗೇರ ಕಾಕಾ ಹೇಳುತ್ತಾನೆ, ನನ್ನ ಅನುಭವವೂ ಹಾಗೇ. ಅಂಚು ಸವೆದು ಖಾನೆ ಕೆಳಗೆ ಕುಸಿದಿದ್ದರೆ ಸಾಗವಾನಿಯ ತೆಳು ಪಟ್ಟಿ ಅಂಟಿಸಿ ಎತ್ತರಿಸಬೇಕು.

ಪಾಲಿಶ್

ಯಾವ ಪಾಲಿಶ್ ಇದೆ ಅಂತ ಮೊದಲು ತಿಳಿಯಿರಿ. ಹಿಂದೆ, ಕಾಣದ ಜಾಗದಲ್ಲಿ, ಹತ್ತಿಗೆ ಸ್ಪಿರಿಟ್ ಅದ್ದಿ ಅರ್ಧ ನಿಮಿಷ ಒತ್ತಿ. ಮೆತ್ತಗಾಗಿ ಅಂಟಂಟಾದರೆ ಅರಗಿನ ಪಾಲಿಶ್. ಸ್ಪಿರಿಟ್‌ಗೆ ಬಗ್ಗದೆ ಎನ್‌ಸಿ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಈಚೆಗೆ ಯಾರೋ ಮೆಲಮೈನೋ ಪಿಯುವೋ (ಪಾಲಿಯುರೆಥೇನ್), ಅಂದರೆ ಈಗಿನ ಗಟ್ಟಿ ಪಾಲಿಶ್, ಹೊಡೆದಿದ್ದಾರೆ.

ಅರಗಿನದಾದರೆ ನಿಮ್ಮ ಅದೃಷ್ಟ. ಹಳೆಯದನ್ನು ಕೆರೆದು ತೆಗೆಯಬೇಕಾಗಿಲ್ಲ, ಹೊಸ ಪದರ ಹಳೆಯದರಲ್ಲೇ ಕರಗಿ ಬೆರೆಯುತ್ತದೆ. ಅಂಗಡಿಯಲ್ಲಿ ಅರಗಿನ ಚಕ್ಕೆಗೆ ಚಪಡಾ ಅನ್ನುತ್ತಾರೆ. ಅರಗಿನ ಹುಳುಗಳು ಮರದ ರೆಂಬೆಯ ಮೇಲೆ ಬಿಡುವ ಅಂಟು ಅದು, ಹೆಚ್ಚಾಗಿ ಝಾರ್ಖಂಡ್ ಕಡೆಯಿಂದ ಬರುತ್ತದೆ. ಒಂದು ಲೀಟರ್ ಪಾಲಿಶ್ ಸ್ಪಿರಿಟ್‌ಗೆ 120 ಗ್ರಾಂ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಿ, ನಡುವೆ ಒಂದೆರಡು ಸಲ ಕುಲುಕಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಬೇಕಾದಷ್ಟೇ ಮಾಡಿ, ತಿಂಗಳುಗಟ್ಟಲೆ ಇಟ್ಟದ್ದು ಒಣಗುವುದಿಲ್ಲ.

ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಹತ್ತಿ ಇಟ್ಟು ಸಣ್ಣ ಗಂಟು ಮಾಡಿ. ಅದನ್ನು ಪಾಲಿಶ್‌ನಲ್ಲಿ ಅದ್ದಿ ಹಿಂಡಿ, ಕಟ್ಟಿಗೆಯ ಗೆರೆಯ ಉದ್ದಕ್ಕೂ ಒಂದೇ ಎಳೆತದಲ್ಲಿ ಹಚ್ಚಿ. ಹಚ್ಚಿದ ಜಾಗಕ್ಕೆ ಆಗಲೇ ಮತ್ತೆ ಹೋಗಬೇಡಿ, ಕೆಳಗಿನ ಪದರ ಎದ್ದುಬರುತ್ತದೆ. ಒಂದು ತಾಸು ಬಿಟ್ಟು ಎರಡನೆಯದು. ಎರಡು ಮೂರು ಪದರ ಆದ ಮೇಲೆ ಒಂದು ರಾತ್ರಿ ಬಿಟ್ಟು, 400 ನಂಬರಿನ ಪಾಲಿಶ್ ಪೇಪರ್ ತಾಗಿತೋ ಇಲ್ಲವೋ ಎಂಬಂತೆ ಆಡಿಸಿ, ಮತ್ತೆ ಎರಡು ಪದರ. ಸಾಕು. ಬೆಳಿಗ್ಗೆ ಹತ್ತರ ಮೇಲೆ, ಇಬ್ಬನಿ ಆರಿದ ಹೊತ್ತು ಒಳ್ಳೆಯದು. ಮಳೆಗಾಲದಲ್ಲಿ ಮಾಡಿದರೆ ತೇವ ಸಿಕ್ಕಿ ಬೆಳ್ಳಗೆ ಮಬ್ಬಾಗುತ್ತದೆ. ಮೇ ತಿಂಗಳಲ್ಲಿ ಮಾಡಿದರೆ ಗಂಟು ಎತ್ತುವ ಮುಂಚೆಯೇ ಸ್ಪಿರಿಟ್ ಆರಿ ಗೆರೆ ಗೆರೆ ಉಳಿಯುತ್ತದೆ. ಪಕ್ಕದಲ್ಲಿ ದೀಪ, ಒಲೆ, ಬೀಡಿ ಏನೂ ಇರಬಾರದು.

ಕೆಲವರು ಅಗಸಿ ಎಣ್ಣೆ ಹಚ್ಚುತ್ತಾರೆ. ನಮ್ಮ ಭಾಗದಲ್ಲಿ ಅಗಸಿ ಬೆಳೆಯುತ್ತದೆ, ಅಗಸಿ ಹಿಂಡಿ ಇಲ್ಲದ ಊಟ ಕಡಿಮೆ, ಅಲ್ವಾ? ಕಟ್ಟಿಗೆಗೂ ಅದು ಒಳ್ಳೆಯದೇ, ಆದರೆ ಒಣಗಲು ದಿನಗಟ್ಟಲೆ ಬೇಕು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ಬೆಂಕಿಯೇ ಹತ್ತಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ.

ಹಿತ್ತಾಳೆಯ ಹಿಡಿಕೆ, ಬಿಜಾಗರಿಗಳನ್ನು ಬಿಚ್ಚಿ ತೆಗೆದೇ ಹುಣಸೆಹಣ್ಣಿನಲ್ಲಿ ತಿಕ್ಕಿ, ತೊಳೆದು ಒಣಗಿಸಿ ಮತ್ತೆ ಕೂರಿಸಿ. ಕನ್ನಡಿಯ ಹಾಗೆ ಹೊಳೆಯಬೇಕಿಲ್ಲ. ಮೇಜಿನ ಮೇಲೆ ಬಿದರಿಯ ಡಬ್ಬಿಯೋ ತಟ್ಟೆಯೋ ಇಡುವವರು ಅದನ್ನು ಹುಣಸೆಯಲ್ಲಿ ತಿಕ್ಕಬೇಡಿ, ಕಪ್ಪು ಎದ್ದುಹೋಗುತ್ತದೆ. ಬಿದರಿಗೆ ಒಂದು ಹನಿ ಕೊಬ್ಬರಿ ಎಣ್ಣೆ, ಮೆತ್ತನೆ ಬಟ್ಟೆ, ಅಷ್ಟೇ.

ಕೋಣೆಯಲ್ಲಿ ಎಲ್ಲಿ ಇಡಬೇಕು

ಕಿಟಕಿಯ ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನಿನ ಮೇಲಲ್ಲ. ಆದರೆ ನೇರ ಬಿಸಿಲು ಮೇಜಿಗೆ ಬೀಳಬಾರದು. ಕಿಟಕಿಗೆ ಅಡ್ಡವಾಗಿ, ಪಕ್ಕದ ಗೋಡೆಗೆ ಇಟ್ಟರೆ ಎರಡೂ ಸಾಧ್ಯ. ರಾತ್ರಿಗೆ ಕನ್ನಡಿಯ ಎರಡೂ ಬದಿಗೆ ಮುಖದ ಎತ್ತರದಲ್ಲಿ ಹಳದಿ ಬಣ್ಣದ ದೀಪ ಹಾಕಿಸಿ. ಮೇಲಿನಿಂದ ಒಂದೇ ದೀಪ ಇದ್ದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ. ದೀಪದ ವಯರಿಗಾಗಿ ಮೇಜಿಗೆ ತೂತು ಹೊಡೆಸಬೇಡಿ, ಗೋಡೆಗೆ ಹಾಕಿಸಿ. ಮಂಚದ ಎದುರು ಕನ್ನಡಿ ಬೇಡ ಅನ್ನುವ ಹಿರಿಯರು ಮನೆಯಲ್ಲಿದ್ದರೆ ಅವರ ಮಾತಿಗೆ ಒಪ್ಪಿ, ಇಲ್ಲವೇ ರಾತ್ರಿ ಕನ್ನಡಿಗೆ ಒಂದು ಕಸೂತಿ ಬಟ್ಟೆ ಇಳಿಬಿಡಿ. ಆಯಿ ಹಾಗೇ ಮಾಡುತ್ತಿದ್ದಳು. ಆ ಬಟ್ಟೆಯಿಂದ ಕನ್ನಡಿಗೆ ಧೂಳೂ ಕಡಿಮೆ.

ನಮ್ಮ ಶಹಾಬಾದಿ ಫರಸಿ ನೆಲ ಎಲ್ಲ ಕಡೆ ಸಮ ಇರುವುದಿಲ್ಲ. ಮೇಜು ಅಲುಗಿದರೆ ಕಾಲು ಕೊಯ್ಯಬೇಡಿ, ಕೆಳಗೆ ತೆಳು ಚರ್ಮದ ತುಂಡು ಇಡಿ. ನೆಲ ಒರೆಸುವ ನೀರು ಕಾಲಿಗೆ ಹತ್ತುವುದೂ ಇದರಿಂದ ತಪ್ಪುತ್ತದೆ. ಗೋಡೆಯಿಂದ ನಾಲ್ಕು ಬೆರಳು ಮುಂದೆ ಇಡಿ.

ಕೂಲರ್ ಎದುರಿಗಂತೂ ಇಡಲೇಬೇಡಿ. ಹಗಲೆಲ್ಲ ಒಣಗಿದ ಕಟ್ಟಿಗೆಗೆ ರಾತ್ರಿಯಿಡೀ ತೇವದ ಗಾಳಿ ಹೊಡೆದರೆ ಒಂದೇ ಬೇಸಿಗೆಯಲ್ಲಿ ಹಾಳೆ ಏಳುತ್ತದೆ, ಕನ್ನಡಿ ಕಪ್ಪಾಗುತ್ತದೆ. ಕೋಣೆ ಸಣ್ಣದಾಗಿದ್ದು ಬೇರೆ ದಾರಿ ಇಲ್ಲದಿದ್ದರೆ ಕೂಲರ್ ಮುಖವನ್ನಾದರೂ ತಿರುಗಿಸಿ.

ಜೂನ್‌ನಲ್ಲಿ ಎರಡು ಒಳ್ಳೆಯ ಮಳೆ ಬಿದ್ದ ಮೇಲೆ ನನ್ನ ಮೇಜಿನ ಬಲಗಡೆ ಖಾನೆ ಪ್ರತಿ ವರ್ಷ ಬಿಗಿಯಾಗುತ್ತದೆ. ನಿಮ್ಮದೂ ಆದರೆ ಜಗ್ಗಬೇಡಿ, ಅಂಚು ಉಜ್ಜಿಸಬೇಡಿ. ಆ ಮೂರು ತಿಂಗಳು ದಿನಾ ಬೇಕಾಗುವ ಹಣಿಗೆ, ಕುಂಕುಮ, ಪಿನ್ನುಗಳನ್ನು ನಡುವಿನ ಖಾನೆಗೆ ಹಾಕಿಟ್ಟುಕೊಳ್ಳಿ. ದಸರಾ ಹೊತ್ತಿಗೆ ಅದು ತಾನಾಗಿ ಸಡಿಲವಾಗುತ್ತದೆ.